ಮೂರನೇ ನಡುಗಡ್ಡೆ

ಗೇಟಿನಲ್ಲಿ ನನ್ನ ಕೆಲಸ ಸಣ್ಣದು.
ಬಂದವರ ಬ್ಯಾಗು ಬಿಚ್ಚಿಸಿ, ನೀರಿನ ಬಾಟಲಿಗೊಂದು ಚೀಟಿ ಅಂಟಿಸಿ
ಇಪ್ಪತ್ತು ರೂಪಾಯಿ ಇಸಿದುಕೊಳ್ಳುವುದು;
ಬಾಟಲಿ ಹಿಂದಕ್ಕೆ ಬಂದರೆ ರೂಪಾಯಿಯೂ ಹಿಂದಕ್ಕೆ.
ಚಿಪ್ಸನ್ನು ಹಳೇ ಪೇಪರಿಗೆ ಸುರಿದು
ಪೊಟ್ಟಣ ನಾನಿಟ್ಟುಕೊಳ್ಳುವುದು.
"ಹಕ್ಕಿ ನೋಡೋಕೆ ಬಂದೋರ್ನ ಜಡ್ತಿ ಮಾಡ್ತೀಯಲ್ಲಮ್ಮ"
ಅನ್ನುತ್ತಾರೆ ಮೈಸೂರಿನವರು.
ನಗುತ್ತೇನೆ. ಒಳೀಕ್ ಹೋಗಿ ಸಾ, ದೋಣಿ ಕಾದದೆ.

ಆ ವರ್ಷ ಕನ್ನಂಬಾಡಿಯ ಬಾಗಿಲೆಲ್ಲ ಎತ್ತಿದರು.
ಹನ್ನೊಂದು ದಿನ ಹೊಳೆ ಯಾರ ಮಾತನ್ನೂ ಕೇಳಲಿಲ್ಲ.
ಇಳಿದ ಮೇಲೆ ದೋಣಿಯ ಬೆಳ್ಳಯ್ಯ
ನೋಡಿಕೊಂಡು ಬಂದು ಹೇಳಿದ್ದು ಇಷ್ಟೇ:
"ಮೂರ್ನೇದು ಇಲ್ಲ ಕನಕ್ಕ."
ಹೊಳೆಮತ್ತಿ ಬೇರು ಮೇಲಾಗಿ ಬಂಡೆಗೊರಗಿತ್ತು.
ಕೊಚ್ಚಿಹೋದ ಬಾಯ್ಕಳಕದ ಗೂಡುಗಳ ಲೆಕ್ಕ
ಗಾರ್ಡು ಬರೆಯಹೊರಟ;
ಪೆನ್ನು ಮೂಡದೆ ಎರಡು ಸಲ ಕೊಡವಿದ.

ಬೇಸಿಗೆಗೆ ನೀರು ತೆಳುವಾಯಿತು.
ಹದಿನಾಲ್ಕು ಹೆಂಗಸರು, ದೋಣಿಗೆ ಇಪ್ಪತ್ತು ಚೀಲ ಮಣ್ಣು.
ಗೋಣಿ ಸಾಲದೆ ಗುತ್ತಿಗೆಯವನು ಪ್ಲಾಸ್ಟಿಕ್ಕಿನವು ತಂದು ಸುರಿದ:
ಯೂರಿಯಾದ್ದು, ಸಕ್ಕರೆಯದ್ದು, ಬತ್ತದ್ದು.
ಬಾಯಿ ಹೊಲಿಯುವ ಕೆಲಸ ನನ್ನದು.
ದಬ್ಬಳ, ನೀಲಿ ದಾರ;
ಎಡಗೈಯವಳು ನಾನು, ನನ್ನ ಹೊಲಿಗೆ ಎಲ್ಲರದಕ್ಕೂ ಎದುರು ವಾಲುತ್ತದೆ.
ಆಚೆ ಬಂಡೆಯ ಮೇಲೊಂದು ಮೊಸಳೆ
ಬಾಯಿ ತೆರೆದುಕೊಂಡು ದಿನಾ ಬಂದು ಬೀಳುತ್ತಿತ್ತು, ಮೇಸ್ತ್ರಿಯ ಹಾಗೆ.
"ನಿನ್ ಮನೆ ಕೆಲ್ಸನೇ ಕನಪ್ಪ, ಸುಮ್ಕಿರು"
ಎಂದು ಪುಟ್ಟಲಿಂಗಿ ಕೈಮುಗಿದಳು.

ಲಾಮಂಚ ನೆಟ್ಟೆವು. ಬಿದಿರು, ನೀರಂಜಿ, ಮತ್ತಿಯ ಸಸಿ.
ಮೊದಲು ಹುಟ್ಟಿದ್ದು ಅವು ಯಾವುವೂ ಅಲ್ಲ.
ಚೀಲದ ಮೂಲೆಯಲ್ಲಿ ಉಳಿದಿದ್ದ ಬತ್ತ:
ಜ್ಯೋತಿಯೋ, ತನುವೋ,
ಯಾರ ಗದ್ದೆಯದೋ.
ತೆನೆಗಟ್ಟಿತು. ರಾಟವಾಳಗಳು ಬಂದು
ಬಾಡಿಗೆ ಕೊಡದೆ ತಿಂದು ಹೋದವು.

ಎರಡು ವರ್ಷ ಅಷ್ಟೇ.
ದೋಣಿಯಲ್ಲಿ ಒಬ್ಬಳು ಹುಡುಗಿ ಚೀಲಗಳನ್ನು ಕಂಡು
"ಇಲ್ಲೇನು ಯುದ್ಧವಾ ಅಂಕಲ್?" ಅಂದಳಂತೆ.
ಬೆಳ್ಳಯ್ಯ ಹುಟ್ಟು ನಿಲ್ಲಿಸಿ,
"ಬಾಣಂತಿ ಮನೆ ಕಟ್ಟವ್ರೆ ಮಗ.
ಬಸ್ರಿ ಇನ್ನೂ ಬಂದಿಲ್ಲ."

ಬಂದವು, ಮೂರನೇ ಮಾಘದಲ್ಲಿ,
ಬಣ್ಣದ ಕೊಕ್ಕರೆಗಳು.
ಬಾಲದ ಬಳಿ ಆ ಗುಲಾಬಿ,
ಕುಂಕುಮದ ಕೈ ಒರೆಸಿಕೊಂಡಂತೆ.
ಗಾರ್ಡು ದುರ್ಬೀನು ಕೊಟ್ಟ: "ನಿಮ್ದೇ ಅಲ್ವೇನಕ್ಕ, ನೋಡಿ."
ನೋಡಿದೆ. ಗೂಡು. ಗೂಡಲ್ಲಿ ಮರಿ.
ಮರಿಯ ಕಾಲಿಗೆ ಸುತ್ತಿಕೊಂಡ ನೀಲಿ ದಾರ.

ಯಾರೂ ನನ್ನನ್ನು ಏನೂ ಕೇಳಲಿಲ್ಲ.
ಕೇಳಿದ್ದರೆ ಚೆನ್ನಾಗಿತ್ತು.
ಸಂಜೆ ಅವರಿಬ್ಬರೂ ಹೋಗಿ ಬ್ಲೇಡಿನಿಂದ ಕುಯ್ದು ಬಿಡಿಸಿದರು;
ಬೆಳ್ಳಯ್ಯನ ಮುಂಗೈಯಲ್ಲಿ ತಾಯಿಯ ಕೊಕ್ಕು ಬರೆದ ಗೀರು.
ದಾರದ ತುಂಡು ನನ್ನ ಅಂಗೈಗೆ ಹಾಕಿದ. ಮಾತಿಲ್ಲ.

ಮರಿಗಳು ಹಾರಿಹೋದ ಮೇಲೆ
ಬಿಸಿಲಿಗೆ ಪುಡಿಯಾಗುತ್ತಿದ್ದ ಚೀಲಗಳನ್ನು ಹೋಗಿ ಕಿತ್ತೆವು.
ಕೆಲವು ಬರಲಿಲ್ಲ:
ಮತ್ತಿಯ ಬೇರು ಒಳಗೆ ಹೊಕ್ಕು, ಆಚೆ ಬಂದು,
ಹೊಲಿಗೆಯ ಮೇಲೇ ಹೊಲಿಗೆ ಹಾಕಿತ್ತು.
ಎಳೆದರೆ ದಡವೇ ಬರುತ್ತದೆ.
ಬಿಟ್ಟೆವು.

ಈಗ ಗೇಟಿನಲ್ಲಿದ್ದೇನೆ.
ಮಕ್ಕಳ ಜೇಬನ್ನೂ ಬಿಡುವುದಿಲ್ಲ, ಅವರ ಮುಖ ನೋಡುವುದಿಲ್ಲ.
ಐದೂವರೆಗೆ ಕೊನೆಯ ಬಸ್ಸು ಹೊರಟಿತು.
ಎಣಿಸಿದೆ:
ಹೋದ ಬಾಟಲಿ ಇನ್ನೂರ ಹನ್ನೆರಡು,
ಬಂದದ್ದು ಇನ್ನೂರ ಹನ್ನೊಂದು.
ಇಪ್ಪತ್ತು ರೂಪಾಯಿ ಉಳೀತಲ್ಲ ಬುಡಕ್ಕ,
ಅನ್ನಲಿಲ್ಲ ಬೆಳ್ಳಯ್ಯ.
ಕಟ್ಟಿಹಾಕಿದ್ದ ದೋಣಿಯ ಹಗ್ಗ ಬಿಚ್ಚಿ,
ನಾನು ಹತ್ತುವುದನ್ನೇ ಕಾಯುತ್ತ ನಿಂತ.